ಕೂತಲ್ಲೇ ಗೆಲ್ಲುವ ಮಾವ

ನನ್ನ ಸೋದರಮಾವ ಯಲ್ಲಾಪುರದಲ್ಲಿ ಇಪ್ಪತ್ತು ವರ್ಷ ಅಂಗಡಿ ನಡೆಸಿದ. ನಡೆದದ್ದು ಅಂಗಡಿ ಮಾತ್ರ. ಮಾವ ನಡೆದದ್ದನ್ನು ಕಂಡವರಿದ್ದರೆ ಮುಂದೆ ಬರಲಿ, ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ.

ಪುಸ್ತಕ, ಪೆನ್ನು ಮಾರುವ ಅಂಗಡಿ ಅದು. ಕುರ್ಚಿಯಿಂದ ಕೈಗೆ ಎಟುಕಿದಷ್ಟೇ ವ್ಯಾಪಾರ. ತುಸು ಆಚೆಗಿದ್ದುದನ್ನು ಎಳೆಯಲು, ಫ್ಯಾನಿನ ಸ್ವಿಚ್ಚು ಒತ್ತಲು ಅಡಿಕೆ ಕೊಯ್ಯುವ ಉದ್ದ ಕೋಲು, ದೋಟಿಯ ತುಂಡೊಂದಿತ್ತು. ದೋಟಿಗೂ ಸಿಗದ್ದು ಅವನ ಪಾಲಿಗೆ ಜಗತ್ತಿನಲ್ಲೇ ಇಲ್ಲ. ಒಮ್ಮೆ ಮೇಷ್ಟ್ರೊಬ್ಬರು ಮೇಲಿನ ಹಲಗೆಯಲ್ಲಿದ್ದ ಹಾಜರಿ ಪುಸ್ತಕ ಕೇಳಿದರು.

“ಅದು ಈಗ ಬರೂದಿಲ್ಲ ಮೇಷ್ಟ್ರೇ.”

“ಅಲ್ಲೇ ಕಾಣ್ತದ್ಯಲ್ಲ?”

“ಕಾಣ್ತದೆ. ಬರೂದಿಲ್ಲ.”

ಶಿರಸಿಯ ಡಾಕ್ಟರು ಎಚ್ಚರಿಸಿದ್ದರು: ಹೀಗೇ ಕೂತರೆ ತೊಡೆಯ ಬಲ ಇಳಿಯುತ್ತದೆ, ಸಕ್ಕರೆ ಏರುತ್ತದೆ, ಆಮೇಲೆ ಏಳಬೇಕೆಂದರೂ ಕಾಲು ಮಾತು ಕೇಳುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದಿದ್ದ ನಾನು ಅದನ್ನೇ ಹಿಡಿದು ಆರು ವರ್ಷ ವಾದಿಸಿದೆ.

“ಓಡಿದ ಬಸ್ಸೆಲ್ಲ ಗುಜರಿಗೆ ಹೋತು ತಂಗಿ. ಓಡದ ಬಸ್‌ಸ್ಟ್ಯಾಂಡು ಅಲ್ಲೇ ಇದ್ದು,” ಎಂದ ಮಾವ. ನಮ್ಮ ಕಡೆ ಮನೆಯ ಹುಡುಗಿಯರೆಲ್ಲ ತಂಗಿಯರೇ.

ಇದಕ್ಕೆ ಅಂಕ ಕೊಡದ ತೀರ್ಪುಗಾರ ಯಾರಿದ್ದಾರೆ?

ಕೊನೆಗೊಮ್ಮೆ ವಾಕಿಂಗಿಗೆ ಒಪ್ಪಿದ. ಮೈದಾನದವರೆಗೆ ಸ್ಕೂಟರಿನಲ್ಲಿ ಹೋಗಿ, ಕಟ್ಟೆಯ ಮೇಲೆ ಕೂತು, ನಡೆಯುವವರನ್ನು ತಿದ್ದಿ ಬರುತ್ತಿದ್ದ. “ಭಟ್ರೇ, ಕೈ ಬೀಸೂದು ಸಾಲ್ತಿಲ್ಲೆ.”

ಅಷ್ಟರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಕಾಲಿದ್ದವಳನ್ನು ಹೊರುವುದೇಕೆ ಎಂಬುದು ನನ್ನ ತಕರಾರು. ಮಾವ ಒಪ್ಪಲಿಲ್ಲ. “ಅದು ಯನ್ನ ಕೆಲಸ. ಬೇರೆಯವಕ್ಕೆ ಕೊಡ್ತ್ನಿಲ್ಲೆ.” ನಾನು ಕಂಡಂತೆ, ಅವನು ಕೇಳಿ ಪಡೆದ ಒಂದೇ ಕೆಲಸ ಅದು.

ಮದುವೆಯ ದಿನ ಹೊಸ ಪಂಚೆ ಉಟ್ಟು ಬಂದ. ಬಗ್ಗಿ ಎತ್ತಿದ. ನನ್ನ ಹಿಮ್ಮಡಿ ನೆಲ ಬಿಟ್ಟಿತು, ಬೆರಳು ಬಿಡಲಿಲ್ಲ. ಇನ್ನೊಮ್ಮೆ ಎತ್ತಿದ. ಈ ಸಲ ಹಿಮ್ಮಡಿಯೂ ನೆಲ ಬಿಡಲಿಲ್ಲ. ಕಟ್ಟುಮಸ್ತಾದ ನೆಂಟರಿಬ್ಬರು ಅಂಗಿಯ ತೋಳು ಮಡಚಿ ಮುಂದೆ ಬಂದರು. ಮಾವ ಅವರ ಕಡೆ ನೋಡಲಿಲ್ಲ. ನನ್ನ ಕಿವಿಯ ಹತ್ತಿರ ಮೆಲ್ಲಗೆ, “ಮೊದ್ಲೇ ಹೇಳಿದ್ರೆ ದಿನಾ ನಡೀತಿದ್ದೆ ತಂಗಿ,” ಎಂದ.

ಆರು ವರ್ಷದಿಂದ ಹೇಳಿದ್ದೆ. ಉತ್ತರ ನಾಲಿಗೆಯ ಮೇಲೇ ಇತ್ತು. ಅವನನ್ನು ಸೋಲಿಸಲು ಸಿಕ್ಕ ಮೊದಲ ಅವಕಾಶ ಅದು. ಅದನ್ನು ಬಿಟ್ಟುಕೊಟ್ಟು, ಅವನ ಕೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ.

“ಪೂರ್ತಿ ಭಾರ ಬಿಡು ಮಾವ, ಯನ್ನ ಹೆಗಲು ತಡೀತು.”

ಇಬ್ಬರೂ ನಿಧಾನಕ್ಕೆ ಮಂಟಪಕ್ಕೆ ನಡೆದೆವು.