ದೊಡ್ಡ ಸಿಸ್ಟರ್‌ಗೆ ವಿಶ್ರಾಂತಿ

ಮೈಕು ಕಂಡರೆ ಕೆಲವರಿಗೆ ಕಾಲು ನಡುಗುತ್ತದೆ, ಕೆಲವರಿಗೆ ನಾಲಿಗೆ ತುರಿಸುತ್ತದೆ. ನಮ್ಮ ಮಗರಾಯ ಎರಡನೆಯವರ ಪೈಕಿ. ಅವನ ಅಮ್ಮ ಆಸ್ಪತ್ರೆಯಿಂದ ನಿವೃತ್ತಳಾದ ಸಂಜೆ, ಬೀಳ್ಕೊಡುಗೆ ಸಭೆಯಲ್ಲಿ "ಕುಟುಂಬದವರು ಯಾರಾದರೂ ಎರಡು ಮಾತಾಡಬೇಕು" ಎಂದು ಕರೆದದ್ದೇ ತಡ, ಹೆಂಡತಿ ಅಂಗಿಯ ತುದಿ ಹಿಡಿದು ಎಳೆಯುವಷ್ಟರಲ್ಲಿ ಇವನು ವೇದಿಕೆ ಹತ್ತಿಯಾಗಿತ್ತು.

"ನಮ್ಮಮ್ಮ ಆಪರೇಷನ್ ಥಿಯೇಟರಿನಲ್ಲಿ ನಿಂತು ನಿಂತೇ ಜೀವ ಸವೆಸಿದ್ದಾರೆ" ಎಂದು ಶುರು ಮಾಡಿದವನು, ಎರಡು ಮಾತಿಗೆ ನಿಲ್ಲದೆ, ಕೊನೆಗೆ ಎದೆ ತಟ್ಟಿಕೊಂಡು ಘೋಷಿಸಿದ: "ನಾಳೆಯಿಂದ ಅವರು ಒಂದು ಕಡ್ಡಿ ಎತ್ತಿ ಆ ಕಡೆ ಇಡೋ ಹಾಗಿಲ್ಲ. ಇದು ಈ ಮಗನ ಮಾತು!"

ಚಪ್ಪಾಳೆಯೋ ಚಪ್ಪಾಳೆ. ತಟ್ಟದೆ ಕುಳಿತವರು ಇಬ್ಬರೇ. ಒಬ್ಬರು ದೊಡ್ಡ ಡಾಕ್ಟರು. ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಊರಿನ ಅರ್ಧ ಹೊಟ್ಟೆಗಳನ್ನು ಕೊಯ್ದು ಹೊಲಿದವರು. ಇನ್ನೂ ಸ್ವಲ್ಪ ಕಾಲ ಇದ್ದು ಹೊಸ ಹುಡುಗಿಯರನ್ನು ಪಳಗಿಸಿಕೊಡಿ ಎಂದು ಅವತ್ತು ಬೆಳಿಗ್ಗೆಯೇ ಅವರು ಅಮ್ಮನನ್ನು ಕೇಳಿದ್ದರು. ಒಂದು ತಿಂಗಳು ಮನೆಯಲ್ಲಿದ್ದು ನೋಡಿ ಹೇಳುತ್ತೇನೆ ಎಂದಿದ್ದಳು ಅಮ್ಮ. ಚಪ್ಪಾಳೆ ತಟ್ಟದ ಎರಡನೆಯವಳು ಅವಳೇ. ಯಾರೋ ಕಿರಿಯ ಡಾಕ್ಟರು ಹೊಲಿಗೆಯ ಗಂಟು ಸಡಿಲ ಹಾಕುತ್ತಿರುವುದನ್ನು ನೋಡುವ ಹಾಗೆ ಮಗನನ್ನೇ ನೋಡುತ್ತ ಕುಳಿತಿದ್ದಳು.

ಮಗರಾಯ ಬರೀ ಮೈಕಿನ ಆಸೆಗೆ ಮಾತಾಡಿದ ಎಂದರೆ ಅನ್ಯಾಯವಾಗುತ್ತದೆ. ಅಪ್ಪ ಬೇಗ ತೀರಿಹೋದ ಮನೆ ಅದು. ಡ್ಯೂಟಿ ಮುಗಿಸಿ ಬಂದ ಅಮ್ಮ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಅವನ ಲೆಕ್ಕದ ತಪ್ಪು ತಿದ್ದುತ್ತಿದ್ದದ್ದು ಅವನಿಗೆ ಚೆನ್ನಾಗಿ ನೆನಪಿದೆ. ಆ ಕಾಲಿಗೆ ವಿಶ್ರಾಂತಿ ಕೊಡಬೇಕು ಎನ್ನುವುದು ಅವನ ನಿಜವಾದ ಆಸೆ. ಈಗ ಅದನ್ನು ಇಡೀ ಆಸ್ಪತ್ರೆಯ ಸಾಕ್ಷಿಯಲ್ಲಿ ಹೇಳಿಯೂ ಆಗಿತ್ತು. ತಿಂಗಳು ಕಳೆದು ಅಮ್ಮ ಮತ್ತೆ ಕೆಲಸಕ್ಕೆ ಹೊರಟುನಿಂತರೆ, ಚಪ್ಪಾಳೆ ತಟ್ಟಿದವರ ಮುಂದೆ ಇವನು ತಲೆ ಎತ್ತುವುದು ಹೇಗೆ?

ಮರುದಿನವೇ ಒಂದು ಆರಾಮಕುರ್ಚಿ ಬಂತು. ಹಿಂದಕ್ಕೆ ವಾಲುತ್ತದೆ, ಕಾಲಿಗೆ ಮೆತ್ತೆ ಇದೆ. ಕಿಟಕಿಯ ಪಕ್ಕ, ಟೀವಿಯ ಎದುರು ಅದರ ಪ್ರತಿಷ್ಠಾಪನೆಯಾಯಿತು. ಅಮ್ಮನಿಗೆ ಅದರಲ್ಲಿ ಕೂರಲು ಹೇಳಿ, ಮಗರಾಯ ಸಾರ್ಥಕಭಾವದಿಂದ ಸ್ನಾನಕ್ಕೆ ಹೋದ. ತಲೆಗೆ ನೀರು ಸುರಿದುಕೊಂಡ ಮೇಲೆ ಟವೆಲು ತಂದಿಲ್ಲವೆನ್ನುವುದು ಹೊಳೆಯಿತು. ಬಾಗಿಲನ್ನು ಒಂದಿಷ್ಟೇ ತೆರೆದು, ಹೆಂಡತಿಯನ್ನು ಕೂಗೋಣವೆಂದು ಕೈ ಹೊರಗೆ ಚಾಚಿದ. ಬಾಯಿ ತೆರೆಯುವ ಮೊದಲೇ ಅಂಗೈಗೆ ಟಪ್ ಎಂದು ಟವೆಲು ಬಿತ್ತು.

"ಅಮ್ಮಾ! ಕುರ್ಚಿಯಿಂದ ಏಳಬೇಡ ಅಂದಿದ್ದೆನಲ್ಲ?"

"ಎದ್ದಿಲ್ಲ ಕಣೋ. ಕೂತಿದ್ದರೆ ತಾನೇ ಏಳೋದು?"

ಇಲ್ಲಿ ಥಿಯೇಟರ್ ಸಿಸ್ಟರ್ ಕೆಲಸವೆಂದರೆ ಏನೆಂದು ಸ್ವಲ್ಪ ಹೇಳಬೇಕು. ಆಪರೇಷನ್ ನಡೆಯುವಾಗ ಡಾಕ್ಟರು ಯಾವುದನ್ನೂ ಹುಡುಕುವುದಿಲ್ಲ, ಕೇಳುವುದೂ ಕಡಿಮೆ. ಸುಮ್ಮನೆ ಕೈ ಚಾಚುತ್ತಾರೆ. ಆ ಕ್ಷಣಕ್ಕೆ ಬೇಕಾದ ಕತ್ತರಿಯೋ ಚಿಮಟವೋ ಅಂಗೈಗೆ ಟಪ್ ಎಂದು ಬೀಳಬೇಕು. ಬೀಳಿಸುವವಳು ಸಿಸ್ಟರ್. ಇನ್ನೊಂದು ಕೆಲಸ ಎಣಿಕೆ. ಹೊಲಿಗೆ ಹಾಕುವ ಮೊದಲು ಕತ್ತರಿ, ಹತ್ತಿ, ಬಟ್ಟೆಚೂರು ಎಲ್ಲವನ್ನೂ ಎಣಿಸಬೇಕು. ಒಂದು ಕಮ್ಮಿಯಾದರೂ ದೊಡ್ಡ ಡಾಕ್ಟರಾಗಲಿ, ಅವರಪ್ಪನಾಗಲಿ, ಸೂಜಿ ಮುಟ್ಟುವಂತಿಲ್ಲ. (ರೋಗಿಯ ಹೊಟ್ಟೆಯೊಳಗೆ ಕತ್ತರಿ ಉಳಿದರೆ ಅವನು ಮನೆಗೆ ಹೋಗಿ ಏನು ಮಾಡಬೇಕು?) ಈ ಎರಡು ವಿದ್ಯೆಯಲ್ಲಿ ಅಮ್ಮನನ್ನು ಮೀರಿಸುವವರು ಇರಲಿಲ್ಲ. ಆಸ್ಪತ್ರೆಯವರು ಅವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಆ ವಿದ್ಯೆ ಈಗ ಮನೆಗೆ ಬಂತು.

ಮೊದಲ ಕೆಲವು ದಿನ ಮಗರಾಯ ಬೇಡ ಬೇಡ ಎಂದ. ಟೀ ಕೈಗೆ ಬಿದ್ದರೆ "ನಾನೇ ತಗೋತಿದ್ದೆನಲ್ಲಮ್ಮ" ಎಂದ. ಕನ್ನಡಕ ಕೈಗೆ ಬಿದ್ದರೆ ಕೈಯನ್ನೇ ಹಿಂದಕ್ಕೆಳೆದುಕೊಂಡ. ಆಮೇಲೆ 'ಬೇಡ' ಎನ್ನುವುದು ಎರಡರಿಂದ ಒಂದಕ್ಕಿಳಿಯಿತು. ಆಮೇಲೆ ಬರೀ ಗಂಟಲಲ್ಲಿ ಒಂದು ಹೂಂಕಾರ. ಆಮೇಲೆ ಅದೂ ನಿಂತಿತು. ಸುಖಕ್ಕೆ ಒಗ್ಗಿಕೊಳ್ಳುವುದರಲ್ಲಿ ಮಗರಾಯ ಯಾವತ್ತೂ ಚುರುಕು. ಚಾಚಿದರೆ ಚಾರ್ಜರ್, ಚಾಚಿದರೆ ಕಾಲುಚೀಲ, ಚಾಚಿದರೆ ಒಗೆದು ಮಡಿಸಿದ ಕರವಸ್ತ್ರ. ಬೇಕಾದದ್ದು ಏನೆಂದು ಇವನಿಗೆ ಹೊಳೆಯುವ ಮೊದಲೇ ಅದು ಕೈಯಲ್ಲಿರುತ್ತಿತ್ತು.

ಹೆಂಡತಿ ಇದನ್ನೆಲ್ಲ ಕಣ್ಣಂಚಿನಲ್ಲಿ ನೋಡುತ್ತಿದ್ದಳು. ಅವಳಿಗೂ ಅತ್ತೆ ಒಂದೆರಡು ಸಲ ಸೌಟು, ಉಪ್ಪು ಎಂದು ಕೈಗಿಡಲು ಬಂದಿದ್ದರು. "ಬೇಡಿ ಅತ್ತೆ, ಅಭ್ಯಾಸವಾದರೆ ಬಿಡಿಸಿಕೊಳ್ಳೋದು ಕಷ್ಟ" ಎಂದು ಅವಳು ನಯವಾಗಿ ತಪ್ಪಿಸಿಕೊಂಡಿದ್ದಳು. ಮಗಳು ಪುಟ್ಟಿ ಮಾತ್ರ ಅಪ್ಪನನ್ನು ನೋಡಿ, ಹಾಲಿಗೆಂದು ಗತ್ತಿನಿಂದ ಕೈ ಚಾಚಿದಳು. ಅಂಗೈಗೆ ಬಿದ್ದದ್ದು ಅಜ್ಜಿಯ ಮೆಲ್ಲನೆಯ ಏಟು.

"ಬಾಯಿಲ್ವೇನೇ? ಕಾಲಿಲ್ವೇನೇ? ಹೋಗಿ ತಗೋ."

"ಅಪ್ಪಂಗೂ ಇದೆಯಲ್ಲಜ್ಜಿ, ಕಾಲು?"

"ಅದನ್ನೇ ನಾನೂ ನೋಡ್ತಿದ್ದೀನಿ" ಎಂದಳು ಅಜ್ಜಿ.

ಈ ಮಾತು ಮಗರಾಯನ ಕಿವಿಗೆ ಬಿತ್ತು, ಆದರೆ ಒಳಗೆ ಹೋಗಲಿಲ್ಲ. ಟೀವಿಯಲ್ಲಿ ಪಂದ್ಯ ನಡೆಯುತ್ತಿತ್ತು.

ಎಣಿಕೆಯ ಕಾಟ ಮಾತ್ರ ಎಲ್ಲರಿಗೂ ಸಮಾನವಾಗಿತ್ತು. ಚಮಚಗಳೆಲ್ಲ ಲೆಕ್ಕಕ್ಕೆ ಸಿಕ್ಕದ ಹೊರತು ಊಟ ಮುಗಿಸಿ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ಮಗರಾಯನ ಸಹೋದ್ಯೋಗಿಯೊಬ್ಬ ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದ ದಿನ ಒಂದು ಚಮಚ ಕಮ್ಮಿ ಬಿತ್ತು. ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಿದ್ದ ಆ ದಂಪತಿಯನ್ನು ಅಮ್ಮ ಮರಳಿ ಒಳಗೆ ಕರೆದಳು. "ತಪ್ಪು ತಿಳ್ಕೋಬೇಡಿ, ಇದು ಎಲ್ಲರಿಗೂ ಒಂದೇ ನಿಯಮ" ಎಂದು ಶಾಂತವಾಗಿ ಹೇಳಿ, ಅವರು ಕುಳಿತಿದ್ದ ಸೋಫಾದ ದಿಂಬುಗಳನ್ನು ಎತ್ತಿ ನೋಡಿದಳು. ಚಮಚ ಮೊಸರಿನ ಪಾತ್ರೆಯ ತಳದಲ್ಲಿತ್ತು. ಸಹೋದ್ಯೋಗಿ ನಗುತ್ತಲೇ ಹೋದ, ಆದರೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಷ್ಟರಲ್ಲಿ ಮಗರಾಯ ಕೆಲಸ ಮಾಡುವ ವಿಮಾ ಕಚೇರಿಯಲ್ಲೂ ಒಂದು ಎಡವಟ್ಟು ನಡೆಯಿತು. ಇವನು ಕಂಪ್ಯೂಟರಿನಲ್ಲಿ ಮುಳುಗಿದ್ದ. ಮ್ಯಾನೇಜರು ಏನೋ ವಿಚಾರಿಸಲು ಬಂದು ಪಕ್ಕದಲ್ಲಿ ನಿಂತರು. ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎನ್ನುವುದಷ್ಟೇ ಇವನ ಅರಿವಿಗೆ ಬಂತು, ಕೈ ತಾನಾಗಿ ಚಾಚಿಕೊಂಡಿತು. ಮ್ಯಾನೇಜರು ಪಾಪ, ಗಾಬರಿಯಲ್ಲಿ ತಮ್ಮ ಜೇಬಿನ ಪೆನ್ನು ತೆಗೆದು ಅಂಗೈಯಲ್ಲಿಟ್ಟರು.

"ಇದಲ್ಲ, ಕಪ್ಪು" ಎಂದ ಮಗರಾಯ, ತಲೆ ಎತ್ತದೆ.

ಆಮೇಲೆ ತಲೆ ಎತ್ತಿದ. ಮುಂದಿನದನ್ನು ವಿವರಿಸುವುದು ಬೇಡ. ಅವತ್ತು ಸಂಜೆ ಮನೆಗೆ ಬಂದವನು ಮುಖ ಊದಿಸಿಕೊಂಡು ನೇರವಾಗಿ ಆರಾಮಕುರ್ಚಿಗೆ ಬಿದ್ದ. (ಹೌದು, ಅಮ್ಮನಿಗೆಂದು ತಂದ ಅದೇ ಕುರ್ಚಿ. ಖಾಲಿ ಬಿದ್ದಿರುತ್ತದೆ, ದೂಳು ಹಿಡಿಯಬಾರದಲ್ಲ ಎಂದು ಇವನೇ ಆಗಾಗ ಕೂರುತ್ತಿದ್ದ.) ಅಂಗೈಗೆ ತಣ್ಣನೆಯ ನೀರಿನ ಲೋಟ ಬಿತ್ತು. ಮನಸ್ಸು ಹಗುರವಾಯಿತು.

ತಿಂಗಳು ಮುಗಿಯುತ್ತ ಬಂದ ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಡಾಕ್ಟರು ಮನೆಗೆ ಬಂದರು. ಮಗರಾಯನಿಗೆ ಸಭೆಯ ಚಪ್ಪಾಳೆ ನೆನಪಾಯಿತು. ಬಂದ ಕಾರಣ ಅವರ ಮುಖದ ಮೇಲೇ ಬರೆದಿತ್ತು.

"ಸಿಸ್ಟರ್, ನನ್ನ ಮರ್ಯಾದೆ ಹೋಗ್ತಿದೆ" ಎಂದರು ಡಾಕ್ಟರು, ಕೂರುತ್ತಲೇ. "ನಾನು ಕೈ ಚಾಚ್ತೀನಿ. ಹೊಸ ಹುಡುಗಿ 'ಏನು ಬೇಕು ಸರ್' ಅಂತಾಳೆ. ಏನು ಬೇಕು ಅಂತ ಹೇಳಬೇಕಾದ ಪ್ರಸಂಗವೇ ನನಗೆ ಬಂದಿರಲಿಲ್ಲವಲ್ಲ! ಮೊನ್ನೆ ಒಂದರ ಹೆಸರು ಬಾಯಿಗೇ ಬರಲಿಲ್ಲ. 'ಅದೇ, ಮೂತಿ ಸೊಟ್ಟಗಿರೋದು' ಅಂದೆ. ಹುಡುಗಿಯರೆಲ್ಲ ಮುಖ ಮುಖ ನೋಡ್ಕೊಂಡರು."

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಗರಾಯ ತಡೆಯಲಾರದೆ ಹೋದ.

"ಡಾಕ್ಟ್ರೇ, ದಯವಿಟ್ಟು ಬೇಸರ ಮಾಡ್ಕೋಬೇಡಿ. ಅಮ್ಮ ದುಡಿದದ್ದು ಸಾಕು. ಅವರಿಗೀಗ ಬೇಕಾಗಿರೋದು ವಿಶ್ರಾಂತಿ. ಸಭೆಯಲ್ಲಿ ನಾನು ಮಾತು ಕೊಟ್ಟಿದ್ದೀನಿ" ಎಂದ. ಹೇಳುವಾಗ ದನಿ ಗದ್ಗದವಾಗಿತ್ತು. ಕಣ್ಣು ಟೀವಿಯ ಮೇಲಿತ್ತು. ಹೇಳಿ ಮುಗಿಸಿ, ಗಂಟಲು ಒಣಗಿದ್ದರಿಂದ, ಕುರ್ಚಿಯಲ್ಲಿ ವಾಲಿಕೊಂಡಲ್ಲಿಂದಲೇ ಕೈ ಚಾಚಿದ.

ಏನೂ ಬೀಳಲಿಲ್ಲ.

ಅಂಗೈಯನ್ನು ಇನ್ನಷ್ಟು ಅಗಲಿಸಿದ. ಊಹೂಂ. ತಿರುಗಿ ನೋಡಿದರೆ ಡಾಕ್ಟರು ಅವನ ಕೈಯನ್ನು, ಆಮೇಲೆ ಕುರ್ಚಿಯನ್ನು, ಆಮೇಲೆ ಸೀಲಿಂಗನ್ನು ನೋಡುತ್ತಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು. ಅಮ್ಮ ಟೀ ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು, ಆದರೆ ಕೊಡಲಿಲ್ಲ.

"ಡಾಕ್ಟ್ರು ಕೈ ಚಾಚೋದು ಯಾಕೆ ಗೊತ್ತೇನೋ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರ ಕಣ್ಣು ರೋಗಿಯ ಮೇಲಿರುತ್ತೆ. ಒಂದು ಗಳಿಗೆ ಆ ಕಡೆ ಈ ಕಡೆ ಹೋದ್ರೂ ಜೀವಕ್ಕೆ ಅಪಾಯ. ಅದಕ್ಕೇ ನಾವು ಕೈಗೆ ಕೊಡ್ತೀವಿ. ನಿನ್ನ ಕಣ್ಣು ಎಲ್ಲಿದೆ?"

ಟೀವಿಯಲ್ಲಿ ಅದೇ ಹೊತ್ತಿಗೆ ಯಾರೋ ಔಟಾದರು. ಮಗರಾಯ ಅತ್ತ ನೋಡಲೂ ಇಲ್ಲ, ಇತ್ತ ನೋಡಲೂ ಇಲ್ಲ.

"ಮೊದಮೊದಲು ನೀನು ಬೇಡ ಬೇಡ ಅಂದೆ. ನನಗೆ ನಿಜವಾಗಲೂ ಸಂತೋಷವಾಯ್ತು ಕಣೋ. ಮಗ ನನ್ನ ಕಾಲು ನೋಡಿದ್ದಾನೆ ಅಂದುಕೊಂಡೆ. ಎಷ್ಟು ದಿನ ಬೇಡ ಅಂತಾನೆ ನೋಡೋಣ ಅಂತ ಕಾದೆ. ಬೇಡ ಅನ್ನೋದು ನಿಂತ ದಿನವೇ ಡಾಕ್ಟ್ರಿಗೆ ಫೋನ್ ಮಾಡಿ, ತಿಂಗಳು ಮುಗೀತಿದ್ದ ಹಾಗೇ ಬರ್ತೀನಿ ಅಂದೆ. ಇವತ್ತು ಅವರನ್ನ ಕರೆದಿದ್ದೂ ನಾನೇ. ಅಲ್ಲಿ ಎರಡು ಆಪರೇಷನ್ ನಡುವೆ ಕೂರೋಕೆ ಒಂದು ಸ್ಟೂಲಾದರೂ ಸಿಗುತ್ತೆ. ಇಲ್ಲಿ ಆ ಕುರ್ಚಿ ಖಾಲಿ ಇದ್ದದ್ದನ್ನ ನಾನು ಕಂಡಿಲ್ಲ."

ಮಗರಾಯ ಮುಳ್ಳು ಚುಚ್ಚಿದವನ ಹಾಗೆ ಕುರ್ಚಿಯಿಂದ ಎದ್ದ. ಅವನಿಗೆ ನಾಚಿಕೆಯಾಯಿತು. ಬಿಸಿನೀರಿನ ಬಕೆಟ್ಟು ನೆನಪಾಯಿತು. ಆದರೂ ಅಭ್ಯಾಸಬಲ, ಕೊನೆಯ ಪ್ರಯತ್ನವೊಂದನ್ನು ಮಾಡಿದ.

"ಆದ್ರೆ ಅಮ್ಮ, ಅಷ್ಟು ಜನರ ಮುಂದೆ ನಾನು ಕೊಟ್ಟ ಮಾತು?"

"ಅದನ್ನ ಯಾಕೆ ತಪ್ಪಿಸ್ತೀಯ? ನಡೆಸು. ನಾಳೆಯಿಂದ ಈ ಮನೇಲಿ ನಾನು ಒಂದು ಕಡ್ಡಿ ಎತ್ತಿ ಆ ಕಡೆ ಇಡಲ್ಲ. ಇದು ಈ ಅಮ್ಮನ ಮಾತು."

ಡಾಕ್ಟರು ಅಂದು ಸಭೆಯಲ್ಲಿ ತಟ್ಟದೆ ಉಳಿಸಿಕೊಂಡಿದ್ದ ಚಪ್ಪಾಳೆಯನ್ನು ಈಗ ತಟ್ಟಿದರು.

ಮಾರನೆಯ ಬೆಳಿಗ್ಗೆ ಅಮ್ಮ ಬಿಳಿ ಸೀರೆಯುಟ್ಟು, ಸಿದ್ಧಳಾಗಿ, ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಕುರ್ಚಿಯ ವಾಲುವ ಹಿಡಿಕೆ ಎಲ್ಲಿದೆಯೆಂದು ಅವಳಿಗೆ ಗೊತ್ತಾದದ್ದೇ ಅವತ್ತು. ಅಡುಗೆಮನೆಯಲ್ಲಿ ಹೆಂಡತಿ ಒಲೆಯ ಮೇಲಿನ ಬಾಣಲೆಯಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿದಳು. ಮಗರಾಯ ಅವಸರವಾಗಿ ಈರುಳ್ಳಿಯೊಂದನ್ನು ಅಂಗೈಗಿಟ್ಟ.

"ಚಾಕು, ರೀ!"

"ಬಾಯಿಬಿಟ್ಟು ಹೇಳಬಾರದೇನೇ?"

"ನೀವು ಯಾವತ್ತು ಹೇಳಿದ್ರಿ?"

ಪುಟ್ಟಿಯ ಒಂದು ಕಾಲುಚೀಲ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಹಾಲು ಉಕ್ಕಿತು. ಅಂತೂ ಊಟದ ಡಬ್ಬಿಗಳು ತುಂಬಿ, ಮಗರಾಯ ಮುಚ್ಚಳಕ್ಕೆ ಕೈ ಹಾಕಿದನೋ ಇಲ್ಲವೋ, ಕುರ್ಚಿಯಿಂದ ದನಿ ಬಂತು.

"ನಿಲ್ಲಿ. ಎಣಿಸಿದ್ರಾ?"

ಎಣಿಸಿದರು. ಒಂದು ಚಮಚ ಕಮ್ಮಿ. ಹೊರಗೆ ಡಾಕ್ಟರ ಕಾರು ಹಾರ್ನು ಹಾಕಿತು. ಹೆಂಡತಿ ಪಾತ್ರೆಗಳನ್ನು ಬೋರಲು ಹಾಕಿದಳು, ಮಗರಾಯ ಮಂಡಿಯೂರಿ ಮೇಜಿನ ಕೆಳಗೆ ತೂರಿದ. ಅಲ್ಲಿಂದ ಅವನು ತಲೆ ಹೊರಗೆ ಹಾಕಿದಾಗ ಎದುರಿಗೆ ಪುಟ್ಟಿ ನಿಂತಿದ್ದಳು. ಅವನ ಅಂಗಿಯ ಜೇಬನ್ನು ಬೆರಳಿಟ್ಟು ತೋರಿಸಿದಳು. ಚಮಚ ಪೆನ್ನಿನ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು.

ಮಗರಾಯ ಪೆಚ್ಚುಮೋರೆ ಹಾಕಿಕೊಂಡು ಚಮಚ ಹಿಡಿದು ಕುರ್ಚಿಯ ಬಳಿ ಬಂದ. ಕಿಟಕಿಯಾಚೆ ಮೋಡ ಕಟ್ಟುತ್ತಿತ್ತು. ಅಮ್ಮ ಅದನ್ನೇ ನೋಡುತ್ತ, ಇವನ ಕಡೆ ತಿರುಗದೆ, ಅಂಗೈ ಚಾಚಿದಳು. ಇವನು ಆದಷ್ಟು ಚೆನ್ನಾಗಿ ಟಪ್ ಎನ್ನುವ ಹಾಗೆ ಚಮಚವನ್ನು ಅದರಲ್ಲಿಟ್ಟ.

"ಇದಲ್ಲ ಕಣೋ, ಛತ್ರಿ" ಎಂದಳು ಅಮ್ಮ.

ಮಗರಾಯ ಛತ್ರಿ ತರಲು ಒಳಗೆ ಓಡಿದ. ಈ ಮನೆಯಲ್ಲಿ ಛತ್ರಿಯನ್ನು ಎಲ್ಲಿಡುತ್ತಾರೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.