ಗಿಟಾರಿನ ಕತ್ತಿಗೊಂದು ಕಂಬಿ

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲೇ ಮಾಡುತ್ತೇನೆಂದು ಹೊರಡುವವನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ಮನರಂಜನೆ ಮಾತ್ರ ಬೇರೆಯವರಿಗೆ. ನಾನು ಚೆನ್ನೈನಲ್ಲಿ ಒಂದು ವಿಮಾ ಕಚೇರಿಯ ನೌಕರ. ಭಾನುವಾರಗಳಲ್ಲಿ, ಅಡ್ಯಾರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಬಡಗಿ.

ವಿಲ್ಲಾ

ಹನ್ನೊಂದು ವರ್ಷದ ಮಗಳು ಎಲೆಕ್ಟ್ರಿಕ್ ಗಿಟಾರ್ ಕಲಿಯತೊಡಗಿದಳು. ಅಂಗಡಿಯ ಗಿಟಾರು ಅವಳ ಕೈಗೆ ಉದ್ದವಾಯಿತು. "ಗಿಡ್ಡದೊಂದು ನಾನೇ ಮಾಡಿಕೊಡ್ತೀನಿ" ಎಂದೆ. ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅದನ್ನೇ ನುಡಿಸುತ್ತಾಳೆಂದು ಹೆಸರನ್ನೂ ಕೊಟ್ಟುಬಂದೆ.

ತಂತಿಗಳ ಎಳೆತಕ್ಕೆ ಗಿಟಾರಿನ ಕತ್ತು ಬಾಗದಿರಲಿ ಎಂದು ಅದರೊಳಗೆ ಒಂದು ಉಕ್ಕಿನ ಕಂಬಿ ಕೂಡಿಸುತ್ತಾರೆ. ಟ್ರಸ್ ರಾಡ್ ಅಂತ ಹೆಸರು. ನಮ್ಮದು ಗಿಡ್ಡ ಗಿಟಾರ್, ಅದೇನೂ ಬೇಡ ಎಂದು ತೀರ್ಮಾನಿಸಿದೆ. ತಂತಿ ಬಿಗಿದ ಮೂರನೇ ದಿನಕ್ಕೆ ಕತ್ತು ಬಾಗಿ, ತಂತಿಗಳು ಬೆರಳಿಗೆ ಎಟುಕದಷ್ಟು ಮೇಲೆದ್ದವು.

ಮಗಳು ಓದಿದ್ದೆಲ್ಲ ಇಲ್ಲೇ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಗಿಟಾರನ್ನು ಎತ್ತಿ ಹಿಡಿದು, "ಅಪ್ಪಾ, ಇದು ಗಿಟಾರಾ, ವಿಲ್ಲಾ?" ಎಂದು ಕೇಳಿದಳು. ತಮಿಳಿನ ವಿಲ್ ನಮ್ಮ ಬಿಲ್ಲು.

ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದೇ ಬಂದಳು. ಎಷ್ಟೋ ವರ್ಷಗಳ ನಂತರ ಅವಳ ಮುಖದಲ್ಲಿ ನನ್ನ ಬಗ್ಗೆ ಒಂದು ಆಸೆ ಕಂಡಿತು. "ಯಾವ ವಿಲ್ಲಾ ರೀ? ಶೋಳಿಂಗನಲ್ಲೂರಲ್ಲಿ ನೋಡಿದ್ವಲ್ಲ, ಅದಾ?"

ಚಿಕ್ಕ ಕತ್ತು

ಕಂಬಿ ಹಾಕಲೇಬೇಕಾಯಿತು. ಅದನ್ನೂ ನಾನೇ ಮಾಡುವುದೆಂದಾಯಿತು. ಪಲ್ಲಾವರಂನ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿ ನಡೆದ ಮಾತೆಲ್ಲ ತಮಿಳಿನಲ್ಲಿ. ಗಿಟಾರ್ ಎಂಬ ಪದವನ್ನು ನಾನು ಒಮ್ಮೆಯೂ ಹೇಳಲಿಲ್ಲ ಎನ್ನುವುದು ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು.

"ಕತ್ತಿನೊಳಗೆ ಕೂಡಿಸೋದಕ್ಕೆ ಒಂದು ಕಂಬಿ ಬೇಕು" ಎಂದೆ.

ಅಂಗಡಿಯವರು ಟೀ ಕುಡಿಯುತ್ತಿದ್ದರು. "ಯಾರ ಕತ್ತು ಸಾರ್?"

"ಮಗಳದ್ದು. ಚಿಕ್ಕ ಕತ್ತು. ಒಂದೂವರೆ ಅಡಿ ಸಾಕು."

ಅವರು ಲೋಟ ಕೆಳಗಿಟ್ಟು ಒಂದು ಕಂಬಿ ಕೈಗೆತ್ತಿಕೊಂಡರು. "ಏನಾಯ್ತು?"

"ಮುಂದಕ್ಕೆ ಬಾಗಿಬಿಟ್ಟಿದೆ. ತಪ್ಪು ನನ್ನದೇ. ಮೊದಲೇ ಕಂಬಿ ಹಾಕಿದ್ದರೆ ಇಷ್ಟಾಗ್ತಿರಲಿಲ್ಲ."

"ಡಾಕ್ಟರ್ ಏನಂದರು?"

"ಇದಕ್ಕೆಲ್ಲ ಡಾಕ್ಟರ್ ಯಾಕೆ? ಮನೇಲಿ ನಾನೇ ಕೊರೆದು ಕೂಡಿಸ್ತೀನಿ."

ಅವರು ಎದ್ದರು. ಕೈಯಲ್ಲಿದ್ದ ಕಂಬಿಯನ್ನು ಒಳಗಿಟ್ಟು, ಬೇರೊಂದನ್ನು ತಂದರು. "ಹಾಗಾದರೆ ಸ್ಟೇನ್‌ಲೆಸ್ ತಗೊಳ್ಳಿ ಸಾರ್. ಆ ಮೊದಲಿನದು ಮೈಯೊಳಗೆ ತುಕ್ಕು ಹಿಡಿಯುತ್ತೆ."

ಬರ್ತಾ ಇದೆ

ಕಂಬಿಯ ತುದಿಗೆ ಥ್ರೆಡ್ ಹಾಕಿಸಿ, ಒಂದು ನಟ್ ಕೂಡಿಸಿದೆ. ಬಾಗಿದ ಕತ್ತಿನ ಮೇಲಿರುವ, ಬೆರಳೊತ್ತುವ ಪಟ್ಟಿ ಬಿಚ್ಚಿ, ಉದ್ದಕ್ಕೂ ಒಂದು ಕಾಲುವೆ ತೋಡಿ, ಕಂಬಿಯನ್ನು ತುಸು ಬಾಗಿಸಿ ಅದರಲ್ಲಿಟ್ಟು, ಮತ್ತೆ ಪಟ್ಟಿ ಅಂಟಿಸಿದೆ. ನಟ್ ಬಿಗಿದರೆ ಒಳಗಿನ ಕಂಬಿ ನೆಟ್ಟಗಾಗಲು ನೋಡುತ್ತದೆ, ಜೊತೆಗೆ ಕತ್ತನ್ನೂ ನೆಟ್ಟಗೆ ಮಾಡುತ್ತದೆ. ಷರತ್ತು ಒಂದೇ. ಕಂಬಿಯ ಬಾಗು ಕೆಳಮುಖವಾಗಿರಬೇಕು. ನಾನು ಅದನ್ನು ಮೇಲ್ಮುಖವಾಗಿ ಇಟ್ಟಿದ್ದೆ. ಆಗ ಅದು ಗೊತ್ತಿರಲಿಲ್ಲ.

ಪರೀಕ್ಷೆಗೆ ಮಾವನವರನ್ನು ಕರೆದೆ. ಅವರು ರೈಲ್ವೆಯಲ್ಲಿ ಹಳಿ ನೋಡಿಕೊಂಡು ನಿವೃತ್ತರಾದವರು. ಹುಟ್ಟಿ ಬೆಳೆದದ್ದೆಲ್ಲ ಇದೇ ಊರು, 'ಹಾಕಿ' ಅನ್ನುವ ಕಡೆ ತಮಿಳಿನ 'ಪೋಡಿ' ಅನ್ನುತ್ತಾರೆ. ಗಿಟಾರಿನ ತುದಿಗೆ ಕಣ್ಣಿಟ್ಟು, ಇನ್ನೊಂದು ಕಣ್ಣು ಮುಚ್ಚಿ, "ಒಂದು ಸುತ್ತು ಪೋಡಿ" ಎಂದರು. ತಿರುಗಿಸಿದೆ.

"ಬರ್ತಾ ಇದೆ."

ಇನ್ನೊಂದು ಸುತ್ತು.

"ಚೆನ್ನಾಗಿ ಬರ್ತಾ ಇದೆ ಅಳಿಯಂದಿರೇ. ನಿಲ್ಲಿಸಬೇಡಿ."

ನಾಲ್ಕು ಸುತ್ತಾದ ಮೇಲೆ ಒಳಗೆಲ್ಲೋ ಲಟಕ್ ಎಂದಿತು. ನಾನೂ ಕಣ್ಣಿಟ್ಟು ನೋಡಿದೆ. ಕತ್ತು ಮೊದಲಿಗಿಂತ ಎರಡರಷ್ಟು ಬಾಗಿತ್ತು.

"ಮಾವ, ಏನು ಬರ್ತಾ ಇತ್ತು?"

"ನಿಮ್ಮ ಕಂಬಿ ಕೆಲಸ ಮಾಡುತ್ತಾ ಅಂತ ನೋಡಕ್ಕೆ ಕರೆದ್ರಿ. ಮಾಡ್ತಾ ಇದೆ, ಸೂಪರಾ ಮಾಡ್ತಾ ಇದೆ" ಎಂದರು. "ಯಾವ ಕಡೆಗೆ ಅಂತ ನೀವು ಕೇಳಲಿಲ್ಲ."

ಇಸ್ತ್ರಿ

ಅಂಟಿಸಿದ ಪಟ್ಟಿ ಬಿಡಿಸಲು ಬಿಸಿ ಕೊಡಬೇಕು. ಸಮಾರಂಭಕ್ಕೆ ಎರಡೇ ದಿನ ಉಳಿದಿತ್ತು. ಹೆಂಡತಿಯ ಇಸ್ತ್ರಿಪೆಟ್ಟಿಗೆಯನ್ನು ಕತ್ತಿನ ಮೇಲೆ ಮೆಲ್ಲಗೆ ಎಳೆಯುತ್ತ ಕುಳಿತೆ. ಅದೇ ಹೊತ್ತಿಗೆ ಅವಳಿಗೂ ಸೀರೆಗೆ ಇಸ್ತ್ರಿ ಬೇಕಾಗಿ, ಎದುರು ಫ್ಲ್ಯಾಟಿಗೆ ಕೇಳಲು ಹೋದಳು.

"ನಿಮ್ಮದು ಕೆಟ್ಟುಹೋಯ್ತಾ?" ಎಂದು ಆ ಮನೆಯಾಕೆ ಕೇಳಿದರಂತೆ.

"ಇಲ್ಲ. ನಮ್ಮ ಮನೆಯವರು ಗಿಟಾರ್‌ಗೆ ಇಸ್ತ್ರಿ ಹಾಕ್ತಾ ಇದಾರೆ."

ಆಕೆ ಇಸ್ತ್ರಿಪೆಟ್ಟಿಗೆ ಕೊಟ್ಟರು. ಜೊತೆಗೆ, ಇರಲಿ ಎಂದು, ಒಂದು ಡಬ್ಬಿ ತುಂಬ ಪುಳಿಯೋಗರೆಯನ್ನೂ ಕೊಟ್ಟರು.

ಒಲುಮೆ

ಕಂಬಿ ತಿರುಗಿಸಿ ಕೂಡಿಸಿದೆ. ಕತ್ತು ನೆಟ್ಟಗಾಯಿತು. ವಾರ್ಷಿಕೋತ್ಸವದ ಸಂಜೆ ಸಭಾಂಗಣದಲ್ಲಿ ಎ.ಸಿ. ಜೋರಾಗಿತ್ತು. ಮೂರು ಭಾಷಣ ಮುಗಿಯುವವರೆಗೆ ಆ ಚಳಿಯಲ್ಲಿ ಕಾದ ಗಿಟಾರಿನ ತಂತಿಗಳು ಬಿಗಿದು ಮತ್ತೆ ಮೇಲೆದ್ದವು. ವೇದಿಕೆಯ ನಡುವೆ ಕುರ್ಚಿಯಲ್ಲಿ ಕೂತ ಮಗಳು ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

ಸ್ಪ್ಯಾನರ್ ಜೇಬಲ್ಲಿತ್ತು. ಯೋಚಿಸದೆ ವೇದಿಕೆ ಹತ್ತಿದೆ. ನಟ್ ಇರುವುದು ಕತ್ತು ಗಿಟಾರಿನ ಒಡಲಿಗೆ ಸೇರುವ ತುದಿಯಲ್ಲಿ. ಅವಳ ಎದುರು ಮಂಡಿಯೂರಿ, ತಲೆ ಬಗ್ಗಿಸಿ, ಎರಡೂ ಕೈಯನ್ನು ಗಿಟಾರಿಗೆ ಹಚ್ಚಿ, ಸ್ಪ್ಯಾನರಿನಿಂದ ನಟ್ಟನ್ನು ಕಾಲು ಸುತ್ತು ತಿರುಗಿಸಿದೆ. ನಿರೂಪಕಿ ಮೈಕಿನಲ್ಲಿ ಗದ್ಗದಿತರಾಗಿ, "ವಾದ್ಯಕ್ಕೆ ನಮಸ್ಕರಿಸಿಯೇ ಮಗಳನ್ನು ನುಡಿಸಲು ಬಿಡುವ ತಂದೆ. ಇದು ನಮ್ಮ ಸಂಸ್ಕೃತಿ" ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗಳು ತಪ್ಪಿಲ್ಲದೆ ನುಡಿಸಿದಳು. ನಾನು ಪರದೆಯ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಮುಂದಿನದು ಬ್ಯಾಂಕಿನ ಅಧಿಕಾರಿಯೊಬ್ಬರ ಹೆಂಡತಿಯ ಕೀಬೋರ್ಡ್ ವಾದನ. ಆಕೆ ವೇದಿಕೆಯಲ್ಲಿ ಕೂತು, ಮೊದಲ ಸಾಲಿನಲ್ಲಿದ್ದ ಗಂಡನನ್ನು ನೋಡಿದರು. ನೋಡುತ್ತಲೇ ಇದ್ದರು. ಸಭೆಯೂ ಗಂಡನನ್ನೇ ನೋಡತೊಡಗಿತು. ಆ ಮನುಷ್ಯ ಬೇರೆ ದಾರಿ ಕಾಣದೆ ವೇದಿಕೆ ಹತ್ತಿ, ಕೀಬೋರ್ಡಿನ ಮುಂದೆ ಮಂಡಿಯೂರಿ, ಭಕ್ತಿಯಿಂದ ಹಣೆಯನ್ನು ಅದರ ಮೇಲಿಟ್ಟರು. ಹಣೆ ಯಾವ ಗುಂಡಿಗೆ ತಾಗಿತೋ, ಒಳಗಿದ್ದ ಡೆಮೊ ಸಂಗೀತ ತಬಲ, ಕೊಳಲು, ಡ್ರಮ್ಮುಗಳ ಸಮೇತ ತಾನಾಗಿ ಶುರುವಾಯಿತು. ಆಕೆಯ ಕೈ ಇನ್ನೂ ಮಡಿಲಲ್ಲೇ ಇತ್ತು.

ನನ್ನ ಹೆಂಡತಿಯ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈಮುಗಿದು ಹೇಳಿದರಂತೆ: "ನೋಡಮ್ಮ, ನಿಮ್ಮ ಯಜಮಾನರಿಗಿಂತ ಇವರಿಗೆ ವಾದ್ಯ ಎಷ್ಟು ಬೇಗ ಒಲೀತು."