ಹೆಸರು ಕೂಗುವ ಡಬ್ಬಿಗೆ ಆಷಾಢದ ರಜೆ ಕೋರಿ

ಥಟ್‌ಪೇ ಆನ್‌ಲೈನ್ ಪಾವತಿ ಕಂಪನಿಯ ಆಡಳಿತ ಮಂಡಳಿಗೆ,

ಮಾನ್ಯರೇ,

ಮದುವೆಯಾಗಿ ನಲವತ್ತೊಂದು ದಿನವಾದ, ಆಷಾಢದ ನಿಮಿತ್ತ ಬಸವೇಶ್ವರನಗರದ ತವರಿಗೆ ಬಂದು ಕೂತಿರುವ ನವವಧುವಿನ ಶರಣು ಶರಣಾರ್ಥಿಗಳು. ತಮ್ಮ ಕಂಪನಿ ಒಂದೇ ವರ್ಷದಲ್ಲಿ ಮೂರು ಪಟ್ಟು ಬೆಳೆದ ಸುದ್ದಿ ಓದಿ ಹಿಗ್ಗಿದೆ. ಆ ಬೆಳವಣಿಗೆಯನ್ನು ನನ್ನಷ್ಟು ಹತ್ತಿರದಿಂದ ಕಂಡವರು ತಮ್ಮ ಕಚೇರಿಯಲ್ಲೂ ಇರಲಾರರು.

ಆಷಾಢ ಮುಗಿಯುವ ತನಕ ಹೊಸ ಜೋಡಿ ಒಬ್ಬರ ಮುಖ ಒಬ್ಬರು ನೋಡಬಾರದೆಂಬುದು ದೀಪಾಂಜಲಿ ನಗರದ ನಮ್ಮ ಅತ್ತೆಯವರ ಕಟ್ಟಪ್ಪಣೆ. ಒಂದು ತಿಂಗಳೆಂದರೆ ಮೂವತ್ತು ದಿನ, ಮಾನ್ಯರೇ! ಹಾಗಾಗಿ ನಾನೂ ನಮ್ಮವರೂ ವಿಜಯನಗರದ ಜ್ಯೂಸ್ ಅಂಗಡಿಯಲ್ಲಿ ಗುಟ್ಟಾಗಿ ಭೇಟಿಯಾಗುತ್ತಿದ್ದೆವು. ಹಣ ಕೊಟ್ಟವರ ಹೆಸರು ಕೂಗುವ ತಮ್ಮ ಹೊಸ ಡಬ್ಬಿ ಅಲ್ಲಿಗೆ ಬಂತು. ಎಳನೀರಿನವರ ಹತ್ತಿರ ಓಡಿದೆವು. ಎರಡೇ ದಿನಕ್ಕೆ ಎಳನೀರಿನ ರಾಶಿಯ ಮೇಲೂ ಡಬ್ಬಿ ಕೂತಿತ್ತು. ಕಡೆಗೆ ಪಾರ್ಕಿನ ಪಕ್ಕದ ಚುರುಮುರಿ ಗಾಡಿಯೇ ಗತಿಯೆಂದು ಹೋದರೆ, ತಾವು ನಮಗಿಂತ ಮೊದಲೇ ತಲುಪಿದ್ದಿರಿ.

ಕಳೆದ ಗುರುವಾರ ನಮ್ಮವರು ಸ್ಕ್ಯಾನ್ ಮಾಡುವುದಕ್ಕೂ, ಟೈಲರಿನಿಂದ ಸೀರೆ ತರಲು ಬಂದ ಅತ್ತೆಯವರು ಗಾಡಿ ದಾಟುವುದಕ್ಕೂ ಸರಿಹೋಯಿತು. ಅವರು ನಮ್ಮನ್ನು ನೋಡಿರಲಿಲ್ಲ. ಆಗ ತಮ್ಮ ಡಬ್ಬಿ ಆಕಾಶವಾಣಿಯೂ ನಾಚುವಷ್ಟು ಸ್ಪಷ್ಟ ಕನ್ನಡದಲ್ಲಿ, “ಬಸವಕಿರಣ್ ಅವರಿಂದ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದಿತು.

ಅತ್ತೆಯವರು ತಿರುಗಿದರು. “ಎಂಬತ್ತು ರೂಪಾಯಿ ಚುರುಮುರಿ ಒಬ್ಬನೇ ತಿಂತೀಯೇನೋ ಕಿರಣಾ? ಛತ್ರಿ ಮುಚ್ಚಮ್ಮ ರಕ್ಷಾ, ಮಳೆ ನಿಂತು ಅರ್ಧ ಗಂಟೆ ಆಯ್ತು!”

ಶ್ರಾವಣಕ್ಕೆ ಇನ್ನೂ ಹದಿನೇಳು ದಿನವಿದೆ. ಈಗ ಅಮ್ಮ ಗೇಟಿನ ಬಳಿಯೇ ಕುರ್ಚಿ ಹಾಕಿಕೊಂಡಿದ್ದಾರೆ.

ಅತ್ತೆಯವರ ಎದುರು ನಮ್ಮವರ ಹೆಸರು ಹೇಳಬೇಕಾದರೆ ನಾನು ಪ್ರಾಸ ಕಟ್ಟಿ, ಒಡಪಿನಲ್ಲಿ ಹುದುಗಿಸಿಯೇ ಹೇಳಬೇಕು. ಇಂಗ್ಲಿಷ್ ಮೀಡಿಯಂನ ನನಗೆ ಒಂದು ಒಡಪು ಬಾಯಿಪಾಠವಾಗಲು ವಾರ ಹಿಡಿದಿತ್ತು. ತಮ್ಮ ಡಬ್ಬಿಗೆ ಆ ಸಂಕೋಚವೇ ಇಲ್ಲ. ಆದ್ದರಿಂದ ಆಷಾಢದಲ್ಲಿ ನವವಿವಾಹಿತರ ಹೆಸರು ಬಂದರೆ ಅದು ಕೆಮ್ಮಿ ಸುಮ್ಮನಾಗುವಂತೆ ಮಾಡಬೇಕೆಂದು ವಿನಂತಿ. ಅದು ಅಸಾಧ್ಯವಾದರೆ ಅದೂ ಒಡಪಿನಲ್ಲೇ ಹೇಳಲಿ. ಪ್ರಾಸ ಮುಗಿದು ಹೆಸರು ಬರುವಷ್ಟರಲ್ಲಿ ನಾವು ಮೆಟ್ರೋ ಹತ್ತಿರುತ್ತೇವೆ.

ತಮ್ಮ ವಿಶ್ವಾಸಿ (ಹದಿನೇಳು ದಿನದ ಮಟ್ಟಿಗೆ ಏಕಾಕಿ),
ರಕ್ಷಾ

ತಾ.ಕ.: ಅತ್ತೆಯವರು ಬೈಯುತ್ತಿರುವಾಗಲೇ ಪಕ್ಕದ ಜಿಲೇಬಿ ಅಂಗಡಿಯ ಡಬ್ಬಿ, “ಗುರುಸಿದ್ದಯ್ಯ ಅವರಿಂದ ಅರವತ್ತು ರೂಪಾಯಿ” ಎಂದಿತು. ಅವರು ಶುಗರ್ ಇರುವ, ಅತ್ತೆಯವರನ್ನು ಕರೆತಂದು ಸ್ಕೂಟರ್ ಕಾಯುತ್ತಿದ್ದ ನಮ್ಮ ಮಾವನವರು. ನಾಳೆ ನಮ್ಮವರನ್ನು ಅದೇ ಸ್ಕೂಟರಿನಲ್ಲಿ ಅವರೇ ಕರೆತರುತ್ತಾರಂತೆ, ಜೇಬಿನಲ್ಲಿ ಬರೀ ನೋಟು ಇಟ್ಟುಕೊಂಡು. ತಮ್ಮ ಬೆಳವಣಿಗೆಯ ಲೆಕ್ಕದಲ್ಲಿ ದಯವಿಟ್ಟು ಇಬ್ಬರನ್ನು ಕಳೆಯಿರಿ.